ತೋಟಾ ಇಲ್ಲದ ಕೋವಿ

2003ರಲ್ಲಿ ಕಠ್ಮಂಡುವಿನ ಹಳೆಯ ಅರಮನೆಯೊಂದರ ಉಗ್ರಾಣ ಖಾಲಿಯಾಯಿತು. ಲಗನ್ ಸಿಲೆಖಾನಾ ಎಂಬ ಆ ಕಟ್ಟಡದಲ್ಲಿ ನೇಪಾಳದ ಸೈನ್ಯ ತಾನು ಬಳಸಿ ಬಿಟ್ಟ ಆಯುಧಗಳನ್ನೆಲ್ಲ ತಲೆಮಾರುಗಳಿಂದ ಪೇರಿಸಿಡುತ್ತಾ ಬಂದಿತ್ತು. ಬಾಯಿಯಿಂದ ಮದ್ದು ತುಂಬುವ ಕಾಲದ ಬಂದೂಕುಗಳು, ಸ್ನೈಡರ್‌ಗಳು, ಮಾರ್ಟಿನಿ-ಹೆನ್ರಿಗಳು, ನೇಪಾಳದವರೇ ಬಡಿದು ಮಾಡಿದ ಗಹೇಂದ್ರ ರೈಫಲ್‌ಗಳು, ಎಲ್ಲ ಸೇರಿ ಹತ್ತಾರು ಸಾವಿರ. ಅಮೆರಿಕದ ಎರಡು ವ್ಯಾಪಾರಿ ಸಂಸ್ಥೆಗಳು ಆ ರಾಶಿಯನ್ನು ಒಟ್ಟಿಗೆ ಕೊಂಡು ಹಡಗಿಗೆ ಹಾಕಿದವು. ಮುಂದಿನ ವರ್ಷಗಳಲ್ಲಿ ಆ ಕೋವಿಗಳು ಒಂದೊಂದಾಗಿ ಹವ್ಯಾಸಿಗಳ ಮನೆ ಸೇರಿದವು. ದಪ್ಪಗೆ ಅಂಟಿದ್ದ ಹಳೆಯ ಜಿಡ್ಡನ್ನು ಉಜ್ಜಿ ತೆಗೆದರೆ ಅಡಿಯಲ್ಲಿ ಕಬ್ಬಿಣ ಗಟ್ಟಿಯಾಗಿಯೇ ಇತ್ತು. ನಳಿಗೆಯೊಳಗಿನ ಸುರುಳಿ ಗೆರೆಗಳೂ ಎಷ್ಟೋ ಕೋವಿಗಳಲ್ಲಿ ಚೆನ್ನಾಗಿ ಉಳಿದಿದ್ದವು.

ಕೊಂಡವರಲ್ಲಿ ಕೆಲವರಿಗೆ ಅದನ್ನು ಗೋಡೆಗೆ ನೇತುಹಾಕಿ ಸುಮ್ಮನಿರಲು ಮನಸ್ಸಾಗಲಿಲ್ಲ. ಒಮ್ಮೆಯಾದರೂ ಹಾರಿಸಿ ನೋಡಬೇಕು ಅನ್ನಿಸಿತು. ಆಗ ಎದುರಾದದ್ದು ಬಹಳ ಸರಳವಾದ ಪ್ರಶ್ನೆ. ಕೋವಿ ಇದೆ, ತೋಟಾ ಎಲ್ಲಿದೆ?

ಈ ಪ್ರಶ್ನೆ ಹವ್ಯಾಸಿಗಳದ್ದು ಮಾತ್ರ ಅಲ್ಲ. ಭಾರತದ ಕಳೆದ ಒಂದೂವರೆ ಶತಮಾನದ ಇತಿಹಾಸವನ್ನು ಈ ಒಂದು ಪ್ರಶ್ನೆ ಹಿಡಿದುಕೊಂಡು ಓದಬಹುದು. ಬಂದೂಕುಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಬಂದೂಕನ್ನೇ ನೋಡುತ್ತಾರೆ. ಯಾರು ಕಂಡುಹಿಡಿದರು, ಎಷ್ಟು ದೂರ ಹಾರುತ್ತಿತ್ತು, ಯಾವ ಯುದ್ಧದಲ್ಲಿ ಗೆದ್ದಿತು ಎಂದು ಬರೆಯುತ್ತಾರೆ. ಆದರೆ ಅಧಿಕಾರ ಇದ್ದದ್ದು ಬೆರಳುಗಾತ್ರದ ಹಿತ್ತಾಳೆಯ ತೋಟಾದಲ್ಲಿ. ಅದನ್ನು ಮಾಡುವ ಕಾರ್ಖಾನೆ ಯಾರ ಕೈಲಿತ್ತೋ ಕೋವಿಯೂ ಕೊನೆಗೆ ಅವರದ್ದೇ ಆಗುತ್ತಿತ್ತು.

*

ಪೂರ್ಣಚಂದ್ರ ತೇಜಸ್ವಿಯವರನ್ನು ಓದಿದವರಿಗೆ ಕೋವಿ, ಈಡು, ತೋಟಾ ಹೊಸ ಪದಗಳೇನಲ್ಲ. ಮಲೆನಾಡಿನಲ್ಲಿ ಹಳಬರು ಇಟ್ಟುಕೊಂಡಿದ್ದ ಕೇಪಿನ ಕೋವಿಯನ್ನು ಒಮ್ಮೆ ನೆನಪಿಸಿಕೊಳ್ಳಿ. ಅದಕ್ಕೆ ತೋಟಾ ಬೇಕಿಲ್ಲ. ನಳಿಗೆಯ ಬಾಯಿಯಿಂದ ಅಳತೆ ನೋಡಿ ಮದ್ದು ಸುರಿಯಬೇಕು, ಮೇಲೆ ನಾರು ತುರುಕಿ ಗಜದಿಂದ ಗುದ್ದಬೇಕು, ಗುಂಡನ್ನೋ ಚರೆಯನ್ನೋ ಹಾಕಿ ಮತ್ತೆ ಗುದ್ದಬೇಕು. ಹಿಂಭಾಗದಲ್ಲಿ ಒಂದು ಕೇಪು ಸಿಕ್ಕಿಸಿದರೆ ಈಡು ಸಿದ್ಧ. ಅದಕ್ಕೂ ಹಿಂದಿನ ಬತ್ತಿ ಕೋವಿಗಳಿಗೆ ಕೇಪೂ ಬೇಕಿರಲಿಲ್ಲ.

ಕರಿಮದ್ದು ಎಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ ಈ ಮೂರರ ಮಿಶ್ರಣ. ಅದರಲ್ಲಿ ಮುಕ್ಕಾಲು ಪಾಲು ಪೆಟ್ಲುಪ್ಪೇ. ಬಿಹಾರದ ನೆಲದಿಂದ ತೆಗೆದ ಪೆಟ್ಲುಪ್ಪನ್ನು ಈಸ್ಟ್ ಇಂಡಿಯಾ ಕಂಪನಿ ಹಡಗುಗಟ್ಟಲೆ ಇಂಗ್ಲೆಂಡಿಗೆ ಸಾಗಿಸುತ್ತಿತ್ತು. ಯುರೋಪಿನ ಯುದ್ಧಗಳಲ್ಲಿ ಸಿಡಿದ ಮದ್ದಿನಲ್ಲಿ ನಮ್ಮ ಮಣ್ಣಿನ ಉಪ್ಪೂ ಇತ್ತು. ಅದೇ ಮಿಶ್ರಣವನ್ನು ಇಲ್ಲಿನ ಹಳ್ಳಿಗಳಲ್ಲೂ ಕುಟ್ಟಿ ಮಾಡುತ್ತಿದ್ದರು. ಸೀಸ ಕರಗಿಸಿ ಅಚ್ಚಿಗೆ ಹೊಯ್ದರೆ ಗುಂಡು. ಅಂದರೆ ಕೋವಿ ಇದ್ದವನು ಯಾವ ಕಾರ್ಖಾನೆಯ ಮುಂದೂ ಕೈಯೊಡ್ಡಬೇಕಿರಲಿಲ್ಲ. ಅಂಥವನನ್ನು ಅಂಕೆಯಲ್ಲಿಡಲು ಸರ್ಕಾರಕ್ಕಿದ್ದ ಸುಲಭದ ದಾರಿ ಕೋವಿಯನ್ನೇ ಕಿತ್ತುಕೊಳ್ಳುವುದು.

1857ರಲ್ಲಿ ಹಾಗೇ ಆಯಿತು. ಉತ್ತರದಲ್ಲಿ ದಂಗೆ ಹೊತ್ತಿಕೊಂಡಿದ್ದೇ ತಡ, ಜನರ ಬಳಿ ಇರುವ ಆಯುಧಗಳನ್ನು ಒಪ್ಪಿಸಬೇಕು, ಇಟ್ಟುಕೊಳ್ಳಲು ಅಪ್ಪಣೆ ಪಡೆಯಬೇಕು ಎಂಬ ಕಾನೂನು ಬಂತು. ಮುಧೋಳದ ಬಳಿಯ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆಯೇ ಬದುಕಾಗಿದ್ದವರಿಗೆ, ಆಯುಧವೇ ಮಾನವಾಗಿದ್ದವರಿಗೆ ಅದು ಕೈ ಕತ್ತರಿಸಿಕೊಟ್ಟಂತೆ. ಆ ವರ್ಷದ ನವೆಂಬರಿನಲ್ಲಿ ಕಂಪನಿಯ ಪಡೆ ಊರಿನ ಮೇಲೆ ಬಿತ್ತು. ಊರು ಸುಟ್ಟಿತು, ಹಿಡಿದವರನ್ನು ಗಲ್ಲಿಗೇರಿಸಿದರು. ಜನ ಕಟ್ಟಿ ಹಾಡಿದ ಆ ದಂಗೆಯ ಲಾವಣಿಯನ್ನು ಜೆ.ಎಫ್. ಫ್ಲೀಟ್ ಸಂಗ್ರಹಿಸಿ ಅಚ್ಚು ಹಾಕಿಸಿದ. ನಮ್ಮಲ್ಲಿ ಅನೇಕರು ಅದನ್ನು ಶಾಲೆಯ ಪಠ್ಯದಲ್ಲೇ ಓದಿದ್ದೇವೆ.

*

ಅದೇ ವರ್ಷದ ದೊಡ್ಡ ದಂಗೆಗೆ ಕಿಡಿ ಹಚ್ಚಿದ ಕಾರಣಗಳಲ್ಲಿ ಒಂದು ತೋಟಾ ಎಂಬುದು ಎಲ್ಲರಿಗೂ ಗೊತ್ತು. ಎನ್‌ಫೀಲ್ಡ್ 1853ರ ಮಾದರಿಯ ಹೊಸ ರೈಫಲ್‌ಗೆ ಮದ್ದು ಮತ್ತು ಗುಂಡನ್ನು ಒಟ್ಟಿಗೆ ಸುತ್ತಿದ ಕಾಗದದ ತೋಟಾ ಬಂದಿತ್ತು. ಸಿಪಾಯಿ ಅದರ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹರಿದು ಮದ್ದನ್ನು ನಳಿಗೆಗೆ ಸುರಿಯಬೇಕಿತ್ತು. ಕಾಗದಕ್ಕೆ ಬಳಿದ ಜಿಡ್ಡಿನಲ್ಲಿ ದನದ ಮತ್ತು ಹಂದಿಯ ಕೊಬ್ಬು ಇದೆ ಎಂಬ ಸುದ್ದಿ ಡಂಡಂ ದಂಡಿನಿಂದ ಹೊರಟು ಉತ್ತರ ಭಾರತವನ್ನೆಲ್ಲ ಸುತ್ತಿತು. ಏಪ್ರಿಲ್ 24ರಂದು ಮೀರತ್‌ನಲ್ಲಿ 3ನೇ ಬೆಂಗಾಲ್ ಅಶ್ವದಳದ 85 ಸವಾರರು ತೋಟಾ ಮುಟ್ಟಲು ನಿರಾಕರಿಸಿದರು. ಅವರಿಗೆ ಬೇಡಿ ಹಾಕಿದ ಮರುದಿನ, ಮೇ 10ರಂದು, ದಂಡು ಸಿಡಿಯಿತು.

ಈ ಕತೆಯಲ್ಲಿ ಧರ್ಮದ ಪ್ರಶ್ನೆ ಎಷ್ಟು ಮುಖ್ಯವೋ ಇನ್ನೊಂದು ಅಂಶವೂ ಅಷ್ಟೇ ಮುಖ್ಯ. ತೋಟಾದೊಳಗೆ ಏನಿದೆ ಎಂದು ಅದನ್ನು ಕಚ್ಚುವವನಿಗೆ ಗೊತ್ತಿರಲಿಲ್ಲ. ಅದನ್ನು ಬೇರೆ ಎಲ್ಲೋ, ಬೇರೆ ಯಾರೋ ಮಾಡುತ್ತಿದ್ದರು. ತಾನೇ ಕುಟ್ಟಿದ ಮದ್ದಿನ ಬಗ್ಗೆ ಯಾರಿಗೂ ಈ ಅನುಮಾನ ಹುಟ್ಟುವುದಿಲ್ಲ. ಕಾರ್ಖಾನೆಯಿಂದ ಬಂದ ಪೊಟ್ಟಣದ ಬಗ್ಗೆ ಹುಟ್ಟುತ್ತದೆ.

ದಂಗೆ ಅಡಗಿದ ಮೇಲೆ ಬ್ರಿಟಿಷರು ಕಲಿತ ಪಾಠ ಸ್ಪಷ್ಟವಾಗಿತ್ತು. ಭಾರತೀಯ ಸಿಪಾಯಿಯ ಕೈಯಲ್ಲಿ ಬ್ರಿಟಿಷ್ ಸೈನಿಕನ ಕೈಯಲ್ಲಿರುವಷ್ಟು ಒಳ್ಳೆಯ ಕೋವಿ ಇರಬಾರದು. 1858 ಮತ್ತು 1859ರ ಮಾದರಿಗಳೆಂದು ಕರೆಯುವ ಬಂದೂಕುಗಳನ್ನು ಅದಕ್ಕಾಗಿಯೇ ಮಾಡಿಸಿದರು. ಹೊರಗಿನಿಂದ ನೋಡಿದರೆ ಎನ್‌ಫೀಲ್ಡ್ ರೈಫಲ್‌ನಂತೆಯೇ. ಒಳಗೆ ಮಾತ್ರ ನಳಿಗೆಯ ಸುರುಳಿ ಗೆರೆಗಳಿಲ್ಲ, ನುಣ್ಣಗೆ ಕೊರೆದ ಕೊಳವೆ ಅಷ್ಟೇ. ಸುರುಳಿ ಇಲ್ಲದ ನಳಿಗೆಯಿಂದ ಹೊರಟ ಗುಂಡು ತಿರುಗುವುದಿಲ್ಲ, ಹಾಗಾಗಿ ದೂರಕ್ಕೆ ನೇರವಾಗಿ ಹೋಗುವುದಿಲ್ಲ. ಹೀಗೆ ಸಿಪಾಯಿಗೆ ಕೋವಿ ಕೊಟ್ಟರೂ ಅದರ ಗುರಿಯನ್ನು ಕಿತ್ತುಕೊಂಡರು.

*

ಮುಂದಿನ ಹತ್ತು ವರ್ಷಗಳಲ್ಲಿ ಕೋವಿಯ ಲೋಕವೇ ಬದಲಾಯಿತು. ಬಾಯಿಯಿಂದ ತುಂಬುವ ಬದಲು ಹಿಂಭಾಗದಿಂದ ತುಂಬುವ ಕೋವಿಗಳು ಬಂದವು. ಬ್ರಿಟಿಷ್ ಸೈನ್ಯ 1866ರಲ್ಲಿ ಒಪ್ಪಿಕೊಂಡದ್ದು ಜೇಕಬ್ ಸ್ನೈಡರ್ ಎಂಬ ಅಮೆರಿಕನ್ನನ ಉಪಾಯ. ಹಳೆಯ ಎನ್‌ಫೀಲ್ಡ್‌ನ ಹಿಂಭಾಗವನ್ನು ಕತ್ತರಿಸಿ, ಪಕ್ಕಕ್ಕೆ ಮಗುಚುವ ಮುಚ್ಚಳವೊಂದನ್ನು ಕೂರಿಸುವುದು. ಸ್ನೈಡರ್ ಸಾಲದಲ್ಲೇ ಅದೇ ವರ್ಷ ತೀರಿಕೊಂಡ. ಅವನ ಹೆಸರಿನ ಕೋವಿ ಸಾಮ್ರಾಜ್ಯದ ಉದ್ದಗಲಕ್ಕೂ ಹೋಯಿತು. 1857ರ ಗಲಾಟೆಗೆ ಕಾರಣವಾದ ಎನ್‌ಫೀಲ್ಡ್‌ಗಳೇ ಹೀಗೆ ಹೊಸ ಜನ್ಮ ಪಡೆದವು.

ನಿಜವಾದ ಕ್ರಾಂತಿ ಆ ಮುಚ್ಚಳದಲ್ಲಿ ಇರಲಿಲ್ಲ, ಅದರೊಳಗೆ ಹೋಗುವ ತೋಟಾದಲ್ಲಿತ್ತು. ವೂಲಿಚ್‌ನ ರಾಯಲ್ ಲ್ಯಾಬೊರೇಟರಿಯ ಮುಖ್ಯಸ್ಥನಾಗಿದ್ದ ಕರ್ನಲ್ ಎಡ್ವರ್ಡ್ ಬಾಕ್ಸರ್ ಲೋಹದ ತೋಟಾ ರೂಪಿಸಿದ. ತೆಳುವಾದ ಹಿತ್ತಾಳೆ ಹಾಳೆಯನ್ನು ಸುರುಳಿ ಸುತ್ತಿದ ಕೊಳವೆ, ಅದಕ್ಕೊಂದು ಗಟ್ಟಿ ತಳ, ತಳದ ನಡುವೆ ಕೇಪು, ಒಳಗೆ ಮದ್ದು, ಮೇಲೆ ಗುಂಡು. ಈಡಿಗೆ ಬೇಕಾದ ಎಲ್ಲವೂ ಒಂದೇ ಡಬ್ಬಿಯಲ್ಲಿ. ಬಾಯಿಯಿಂದ ತುಂಬುವವನು ನಿಮಿಷಕ್ಕೆ ಎರಡು ಮೂರು ಈಡು ಹೊಡೆದರೆ ಸ್ನೈಡರ್ ಹಿಡಿದವನು ಹತ್ತು ಹೊಡೆಯಬಲ್ಲವನಾದ.

ಅದಕ್ಕೆ ತೆತ್ತ ಬೆಲೆ ಬೇಗ ಕಣ್ಣಿಗೆ ಬೀಳುವುದಿಲ್ಲ. ಈ ತೋಟಾವನ್ನು ಮನೆಯಲ್ಲಿ ಮಾಡಲಾಗದು. ಯಂತ್ರ ಬೇಕು, ಹಿತ್ತಾಳೆಯ ಹಾಳೆ ಬೇಕು, ತಟ್ಟಿದೊಡನೆ ಕಿಡಿಯುವ ರಾಸಾಯನಿಕ ಬೇಕು, ಸಾವಿರಾರು ತೋಟಾಗಳನ್ನು ಒಂದೇ ಅಳತೆಗೆ ತರುವ ಶಿಸ್ತು ಬೇಕು. ಪುಣೆಯ ಹತ್ತಿರದ ಖಡ್ಕಿಯಲ್ಲಿ 1869ರಲ್ಲಿ ಮದ್ದುಗುಂಡಿನ ಕಾರ್ಖಾನೆ ಶುರುವಾಯಿತು. ಅದು ಸರ್ಕಾರದ ಕಾರ್ಖಾನೆ. ಇನ್ನು ಮುಂದೆ ಹೊಸ ಕೋವಿ ಯಾರದ್ದಾದರೂ ಆಗಲಿ, ಪ್ರತಿ ಈಡಿಗೂ ಕಾರ್ಖಾನೆಯ ಬಾಗಿಲಿಗೇ ಹೋಗಬೇಕು. ಹಲಗಲಿಯ ಕಾಲಕ್ಕೂ ಈ ಕಾಲಕ್ಕೂ ಇರುವ ವ್ಯತ್ಯಾಸ ಇದೇ.

*

ಸ್ನೈಡರ್ ನಂತರ ಬಂದದ್ದು ಮಾರ್ಟಿನಿ-ಹೆನ್ರಿ. ಬ್ರಿಟಿಷ್ ಸೈನ್ಯ ಅದನ್ನು 1871ರಲ್ಲಿ ಒಪ್ಪಿಕೊಂಡಿತು. ಹೆಸರಿನಲ್ಲಿ ಇಬ್ಬರಿದ್ದಾರೆ. ಹಿಂಭಾಗದ ಯಂತ್ರ ಸ್ವಿಟ್ಜರ್ಲೆಂಡಿನಲ್ಲಿ ನೆಲೆಸಿದ್ದ ಫ್ರೀಡ್ರಿಶ್ ಫಾನ್ ಮಾರ್ಟಿನಿಯದು, ಏಳು ಗೆರೆಗಳ ನಳಿಗೆ ಎಡಿನ್‌ಬರೋದ ಅಲೆಕ್ಸಾಂಡರ್ ಹೆನ್ರಿಯದು. ಟ್ರಿಗರ್‌ನ ಹಿಂದಿರುವ ಸನ್ನೆಯನ್ನು ಕೆಳಕ್ಕೆ ಒತ್ತಿದರೆ ಒಳಗಿನ ಉಕ್ಕಿನ ತುಂಡು ಕೆಳಗಿಳಿದು ಹಳೆಯ ಚಿಪ್ಪು ಹೊರಗೆ ಹಾರುತ್ತದೆ. ಹೊಸ ತೋಟಾ ತಳ್ಳಿ ಸನ್ನೆಯನ್ನು ಮೇಲಕ್ಕೆತ್ತಿದರೆ ಬಾಗಿಲು ಮುಚ್ಚಿ ಕೋವಿ ಸಜ್ಜಾಗುತ್ತದೆ. ಬೇರೆ ಕುದುರೆ ಎಳೆಯುವ ಕೆಲಸವೂ ಇಲ್ಲ. ಒಂದು ಈಡಿಗೆ ಒಂದು ತೋಟಾ.

ಇದರ ತೋಟಾವನ್ನು .577/450 ಎನ್ನುತ್ತಾರೆ. ಸ್ನೈಡರ್‌ನ .577 ಇಂಚಿನ ದಪ್ಪ ಚಿಪ್ಪಿನ ಕುತ್ತಿಗೆಯನ್ನು .450ಕ್ಕೆ ಕಿರಿದು ಮಾಡಿದ್ದರಿಂದ ಈ ಜೋಡಿ ಹೆಸರು. ನೋಡಲು ಸಣ್ಣ ಬಾಟಲಿಯ ಹಾಗೆ. ಒಳಗೆ 85 ಗ್ರೇನ್, ಅಂದರೆ ಐದೂವರೆ ಗ್ರಾಂ ಕರಿಮದ್ದು. ಮೇಲೆ 480 ಗ್ರೇನ್ ತೂಕದ, ಸುಮಾರು 31 ಗ್ರಾಂನ ಗುಂಡು. ಹನ್ನೆರಡು ಪಾಲು ಸೀಸಕ್ಕೆ ಒಂದು ಪಾಲು ತವರ ಬೆರೆಸಿದ ಆ ಗುಂಡಿನ ಬುಡಕ್ಕೆ ಕಾಗದ ಸುತ್ತಿರುತ್ತದೆ, ಗುಂಡು ಮತ್ತು ಮದ್ದಿನ ನಡುವೆ ಜೇನುಮೇಣದ ಬಿಲ್ಲೆ ಇರುತ್ತದೆ. ಒಬ್ಬ ಸೈನಿಕ 70 ತೋಟಾ ಹೊರುತ್ತಿದ್ದ. ಅದೇ ಮೂರು ಕಿಲೋಗೂ ಹೆಚ್ಚು.

ಈ 70ರ ಲೆಕ್ಕ 1879ರ ಜನವರಿ 22ರಂದು ದಕ್ಷಿಣ ಆಫ್ರಿಕಾದಲ್ಲಿ ಪರೀಕ್ಷೆಗೆ ಬಂತು. ಇಸಾಂಡ್ಲ್ವಾನಾ ಬೆಟ್ಟದ ಬುಡದಲ್ಲಿ ಸುಮಾರು 20,000 ಜುಲು ಯೋಧರು ಬ್ರಿಟಿಷ್ ಶಿಬಿರವನ್ನು ಮುತ್ತಿದರು. ಸಂಜೆಯ ಹೊತ್ತಿಗೆ ಬ್ರಿಟಿಷರ ಕಡೆಯ 1,300ಕ್ಕೂ ಹೆಚ್ಚು ಜನ ಸತ್ತಿದ್ದರು. ತೋಟಾ ಪೆಟ್ಟಿಗೆಗಳ ಮುಚ್ಚಳ ಬಿಚ್ಚಲಾಗದೆ ಸೋತರು ಎಂಬ ಕತೆ ಬಹಳ ಕಾಲ ಚಾಲ್ತಿಯಲ್ಲಿತ್ತು. ಪೆಟ್ಟಿಗೆಯ ಜಾರು ಮುಚ್ಚಳಕ್ಕೆ ಇದ್ದದ್ದು ಒಂದೇ ಸ್ಕ್ರೂ, ಅದನ್ನು ಹೊಡೆದೂ ತೆರೆಯಬಹುದಿತ್ತು ಎಂದು ಈಚಿನ ಇತಿಹಾಸಕಾರರು ಆ ಕತೆಯನ್ನು ಪ್ರಶ್ನಿಸಿದ್ದಾರೆ. ಅದೇ ದಿನ ಸಂಜೆ ಶುರುವಾಗಿ ರಾತ್ರಿಯಿಡೀ ಹತ್ತಿರದ ರಾರ್ಕ್ಸ್ ಡ್ರಿಫ್ಟ್ ಠಾಣೆಯಲ್ಲಿ ಸುಮಾರು 150 ಜನ ಉಳಿದುಕೊಂಡರು. ಅವರ ಬಳಿ 20,000 ತೋಟಾಗಳಿದ್ದವು, ಬೆಳಗಾಗುವಾಗ ಉಳಿದದ್ದು 900ರಷ್ಟು ಎಂದು ಹೇಳುತ್ತಾರೆ.

ಇಸಾಂಡ್ಲ್ವಾನಾದಲ್ಲಿ ಜುಲುಗಳಿಗೆ ಸಾವಿರದಷ್ಟು ಮಾರ್ಟಿನಿಗಳು ಸಿಕ್ಕಿದವು, ತೋಟಾಗಳೂ ಸಿಕ್ಕಿದವು. ಮಾರ್ಚ್ ತಿಂಗಳ ಕಾಂಬುಲಾ ಕದನದಲ್ಲಿ ಆ ಕೋವಿಗಳು ಅವುಗಳ ಹಳೆಯ ಮಾಲೀಕರ ಮೇಲೆಯೇ ಗುಂಡು ಹಾರಿಸಿದವು. ಆದರೆ ಜುಲುಗಳ ನಾಡಿನಲ್ಲಿ ವೂಲಿಚ್ ಇರಲಿಲ್ಲ. ಒಂದು ತೋಟಾ ಮುಗಿದರೆ ಅದರ ಜಾಗಕ್ಕೆ ಇನ್ನೊಂದು ಬರುವ ದಾರಿ ಇರಲಿಲ್ಲ.

ಸಾಮ್ರಾಜ್ಯಕ್ಕೂ ಈ ತೋಟಾ ಕೈಕೊಟ್ಟದ್ದುಂಟು. ಸುರುಳಿ ಸುತ್ತಿದ ತೆಳು ಹಿತ್ತಾಳೆ ಸೂಡಾನಿನ ಬಿಸಿಲು, ಮರಳು, ಕಾದ ನಳಿಗೆ ಮೂರನ್ನೂ ತಡೆಯಲಿಲ್ಲ. 1885ರ ಜನವರಿಯ ಅಬು ಕ್ಲೇಯಾ ಕದನದಲ್ಲಿ ಚಿಪ್ಪುಗಳು ಒಳಗೇ ಸಿಕ್ಕಿಕೊಂಡು ಕೋವಿಗಳು ನಿಂತುಹೋದವು. ಆಮೇಲೆ ಒಂದೇ ಹಿತ್ತಾಳೆಯ ತುಂಡನ್ನು ಎಳೆದು ಮಾಡಿದ ಗಟ್ಟಿ ಚಿಪ್ಪುಗಳು ಬಂದವು.

*

ಭಾರತದಲ್ಲಿ ಹಿಂದುಳಿಸುವ ನೀತಿ ಇನ್ನೊಂದು ರೂಪ ಪಡೆಯಿತು. ಬ್ರಿಟಿಷ್ ಸೈನಿಕನಿಗೆ ಮಾರ್ಟಿನಿ ಬಂದಾಗ ಭಾರತೀಯ ಸಿಪಾಯಿಗೆ ಸ್ನೈಡರ್. ಬ್ರಿಟಿಷ್ ಸೈನಿಕನಿಗೆ ಲೀ-ಮೆಟ್‌ಫರ್ಡ್ ಬಂದಾಗ ಸಿಪಾಯಿಗೆ ಮಾರ್ಟಿನಿ. ಯಾವತ್ತೂ ಒಂದು ತಲೆಮಾರು ಹಿಂದೆ. 1880ರ ಜುಲೈ 27ರಂದು ಅಫ್ಘಾನಿಸ್ತಾನದ ಮೈವಾಂದ್‌ನಲ್ಲಿ ಸುಮಾರು 2,500 ಜನರ ಪಡೆ ನಿಂತಾಗ 66ನೇ ರೆಜಿಮೆಂಟಿನ ಬ್ರಿಟಿಷರ ಕೈಯಲ್ಲಿ ಮಾರ್ಟಿನಿ ಇತ್ತು, ಪಕ್ಕದಲ್ಲೇ ನಿಂತ ಬಾಂಬೆ ಗ್ರೆನೇಡಿಯರ್ಸ್ ಮತ್ತು ಜೇಕಬ್ಸ್ ರೈಫಲ್ಸ್ ಸಿಪಾಯಿಗಳ ಕೈಯಲ್ಲಿ ಸ್ನೈಡರ್. ಒಂದೇ ಸಾಲು, ಒಂದೇ ಶತ್ರು, ಆದರೆ ಎರಡು ತೋಟಾ. ಒಬ್ಬನ ಚೀಲ ಖಾಲಿಯಾದರೆ ಪಕ್ಕದವನ ತೋಟಾ ಅವನಿಗೆ ಉಪಯೋಗವಿಲ್ಲ. ಆ ದಿನ ಪಡೆ ಸೋತು ಓಡಿತು, ಸಾವಿರದ ಹತ್ತಿರ ಜನ ಸತ್ತರು. ಸೋಲಿಗೆ ಬೇರೆ ದೊಡ್ಡ ಕಾರಣಗಳಿದ್ದವು ನಿಜ. ಆದರೂ ಸಿಪಾಯಿಯ ಮೇಲಿನ ಅಪನಂಬಿಕೆಯನ್ನು ಯುದ್ಧಭೂಮಿಯವರೆಗೂ ಹೊತ್ತುಕೊಂಡು ಹೋದ ಸೈನ್ಯ ಅದು.

1897ರ ಸೆಪ್ಟೆಂಬರ್ 12ರಂದು ಸಾರಾಗಢಿ ಠಾಣೆಯಲ್ಲಿ ಕೊನೆಯವರೆಗೂ ನಿಂತ 36ನೇ ಸಿಖ್ ಪಡೆಯ 21 ಸೈನಿಕರ ಕೈಯಲ್ಲಿದ್ದದ್ದೂ ಒಂದೊಂದೇ ತೋಟಾ ತುಂಬುವ ಮಾರ್ಟಿನಿ. ಆ ಹೊತ್ತಿಗೆ ಬ್ರಿಟಿಷ್ ಸೈನಿಕ ಅನೇಕ ತೋಟಾಗಳನ್ನು ಒಮ್ಮೆಗೇ ಹಿಡಿಯುವ .303 ಕೋವಿಗೆ ಒಗ್ಗಿಕೊಂಡಾಗಿತ್ತು.

ಸೈನ್ಯದ ಹೊರಗೆ ಕಾನೂನು ಕೆಲಸ ಮಾಡಿತು. ಲಿಟ್ಟನ್ ವೈಸರಾಯ್ ಆಗಿದ್ದಾಗ ಬಂದ 1878ರ ಶಸ್ತ್ರಾಸ್ತ್ರ ಕಾಯ್ದೆಯ ವ್ಯಾಖ್ಯೆಗಳ ಭಾಗವನ್ನು ಓದಿದರೆ ಒಂದು ಸಂಗತಿ ಗಮನ ಸೆಳೆಯುತ್ತದೆ. ಸರ್ಕಾರ ಬಯಸಿದ ಕಡೆ ಸೀಸ, ಗಂಧಕ, ಪೆಟ್ಲುಪ್ಪನ್ನೂ ಸೈನಿಕ ಸಾಮಗ್ರಿಗಳ ಪಟ್ಟಿಗೆ ಸೇರಿಸಬಹುದಿತ್ತು. ಹಳೆಯ ಬಾಯಿ ತುಂಬುವ ಕೋವಿಯ ದಾರಿಯನ್ನೂ ಮುಚ್ಚುವ ಉಪಾಯ ಅದು.

ವಾಯವ್ಯ ಗಡಿಯಲ್ಲಿ ಮಾತ್ರ ಈ ಲೆಕ್ಕಾಚಾರ ನಡೆಯಲಿಲ್ಲ. ಮಸ್ಕತ್ ಕಡೆಯಿಂದ ಕಳ್ಳಸಾಗಣೆಯಲ್ಲಿ ಬಂದ ಮಾರ್ಟಿನಿಗಳು, ದಂಡಿನಿಂದ ಕದ್ದವು, ದರ್ರಾ ಆದಮ್ ಖೇಲ್‌ನ ಕಮ್ಮಾರರು ಅರದಲ್ಲಿ ಉಜ್ಜಿ ನಕಲು ಮಾಡಿದವು ಪಠಾಣರ ಹೆಗಲೇರಿದವು. ಅವುಗಳ ಖಾಲಿ ಚಿಪ್ಪುಗಳನ್ನು ಆಯ್ದು ಮತ್ತೆ ತುಂಬುತ್ತಿದ್ದರು. ತುಂಬಲು ಬೇಕಾದ ಗುಂಡು ಬೇಟೆಗಾರರ .450 ತೋಟಾಗಳಲ್ಲಿ ಸಿಗುತ್ತಿತ್ತು. ಆಗ ಸರ್ಕಾರ 1907ರಲ್ಲಿ ಭಾರತಕ್ಕೂ ಸೂಡಾನಿಗೂ .450 ಅಳತೆಯ ತೋಟಾ ತರಿಸುವುದನ್ನೇ ನಿಲ್ಲಿಸಿತು. ಇದರ ಪೆಟ್ಟು ಹುಲಿ, ಕಾಟಿ, ಆನೆ ಬೇಟೆಯ ದೊರೆಗಳಿಗೂ ಬಿತ್ತು. ಲಂಡನ್ನಿನ ಕೋವಿ ತಯಾರಕರು ನಿಷೇಧದಿಂದ ತಪ್ಪಿಸಿಕೊಳ್ಳಲು .465, .470, .475 ಎಂದು ಹೊಸ ಹೊಸ ಅಳತೆಗಳನ್ನು ಹುಟ್ಟುಹಾಕಿದರು. ಶಿಕಾರಿ ಸಾಹಿತ್ಯದಲ್ಲಿ .470 ಕೋವಿಯ ಹೆಸರು ಬಂದಾಗ ಅದರ ಹಿಂದೆ ಗಡಿಯ ಪಠಾಣನೊಬ್ಬ ನಿಂತಿದ್ದಾನೆ ಎಂದು ತಿಳಿಯಬಹುದು.

ಇನ್ನೂ ಜಾಣತನದ ಉಪಾಯ ಬಂಗಾಳದ ಇಶಾಪುರ ಕಾರ್ಖಾನೆಯಲ್ಲಿ ನಡೆಯಿತು. ಹಳೆಯ .303 ಲೀ-ಎನ್‌ಫೀಲ್ಡ್‌ಗಳನ್ನು ತೆಗೆದುಕೊಂಡು ನಳಿಗೆಯನ್ನು .410ಕ್ಕೆ ನುಣ್ಣಗೆ ಕೊರೆದು, ತೋಟಾ ಪೆಟ್ಟಿಗೆಯ ಜಾಗಕ್ಕೆ ಮರದ ಬೆಣೆ ಹೊಡೆದು, ಪೊಲೀಸರಿಗೂ ಕಾವಲುಗಾರರಿಗೂ ಕೊಟ್ಟರು. ಹತ್ತು ತೋಟಾ ಹಿಡಿಯುತ್ತಿದ್ದ ಕೋವಿ ಒಂಟಿ ಈಡಿಗೆ ಮರಳಿತು. ಅದಕ್ಕೆಂದೇ .303 ಚಿಪ್ಪಿನ ಕುತ್ತಿಗೆ ಕಿರಿದು ಮಾಡದೆ ನೇರವಾಗಿ ಬಿಟ್ಟ ವಿಶೇಷ ತೋಟಾ ಮಾಡಿದರು. ಪೊಲೀಸನ ಕೋವಿ ಯಾರ ಕೈಗಾದರೂ ಸಿಕ್ಕಿದರೆ ಸೈನ್ಯದ ತೋಟಾ ಅದರಲ್ಲಿ ಕೆಲಸಕ್ಕೆ ಬರುವುದಿಲ್ಲ. ಲೋಕ ಮುಂದಕ್ಕೆ ಹೋಗುತ್ತಿದ್ದಾಗ ಕೋವಿಯನ್ನು ಬೇಕೆಂದೇ ಹಿಂದಕ್ಕೆ ಕಳಿಸಿದ ಇಂಥ ಉದಾಹರಣೆಗಳು ಕಡಿಮೆ. ಸ್ವತಂತ್ರ ಭಾರತದಲ್ಲೂ ಇದರ ನೆರಳು ಉಳಿಯಿತು. ನಮ್ಮ ಸರ್ಕಾರಿ ಕಾರ್ಖಾನೆಗಳು ನಾಗರಿಕರಿಗಾಗಿ ಮಾಡಿದ .315 ರೈಫಲ್‌ನ ತೋಟಾ ಮೂಲದಲ್ಲಿ ಆಸ್ಟ್ರಿಯಾದ್ದು. ಸೈನ್ಯದ .303 ಜನರ ಕೈಗೆ ಸಿಗಬಾರದು ಎಂಬ ಹಳೆಯ ನಿಯಮದಿಂದ ಆ ಅಳತೆ ಇಲ್ಲಿ ಬೇರೂರಿತು.

*

ಈಗ ಕಠ್ಮಂಡುವಿನ ಉಗ್ರಾಣಕ್ಕೆ ಮರಳಬಹುದು. ಬ್ರಿಟಿಷರು ಹೊಸ ಕೋವಿಗಳನ್ನು ಧಾರಾಳವಾಗಿ ಕೊಡಲು ಹಿಂಜರಿದಾಗ ನೇಪಾಳದ ಜನರಲ್ ಗಹೇಂದ್ರ ಶಮ್ಶೇರ್ 1880ರ ದಶಕದಲ್ಲಿ ತನ್ನದೇ ರೈಫಲ್ ಮಾಡಿಸಿದ. ಹೊರಗಿನಿಂದ ಮಾರ್ಟಿನಿಯನ್ನೇ ಹೋಲುವ ಅದರ ಒಳಗಿನ ಯಂತ್ರ ಬೇರೆ. ಕೈಯಿಂದ ಮಾಡಿದ್ದರಿಂದ ಒಂದರ ಬಿಡಿಭಾಗ ಇನ್ನೊಂದಕ್ಕೆ ಸರಿಯಾಗಿ ಕೂರುತ್ತಿರಲಿಲ್ಲ. ಇಷ್ಟೆಲ್ಲ ಸ್ವಂತಿಕೆ ತೋರಿದರೂ ಅದು ನುಂಗುತ್ತಿದ್ದದ್ದು ಅದೇ .577/450 ತೋಟಾ.

ಆ ತೋಟಾ ಇಂದು ಅಂಗಡಿಯ ಕಪಾಟಿನಲ್ಲಿ ಸಿಗುವ ಸಾಮಾನ್ಯ ಸರಕಲ್ಲ. ಆದರೆ ಅದರ ಎರಡು ವರ್ಷ ಕಿರಿಯ ಅಮೆರಿಕನ್ ಸಂಬಂಧಿ ಸಿಗುತ್ತದೆ. 1873ರಲ್ಲಿ ಸ್ಪ್ರಿಂಗ್‌ಫೀಲ್ಡ್‌ನ ಒಂಟಿ ಈಡಿನ ರೈಫಲ್‌ಗೆಂದು ಬಂದ .45-70 ತೋಟಾವನ್ನು ಕಾರ್ಖಾನೆಗಳು ಈಗಲೂ ತಯಾರಿಸುತ್ತವೆ. ಎರಡೂ ಕರಿಮದ್ದಿನ ಕಾಲದವು, ಎರಡೂ ದಪ್ಪ ಸೀಸದ ಗುಂಡಿನವು. ಒಂದು ಬದುಕಿತು, ಇನ್ನೊಂದು ಮರೆಯಾಯಿತು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. .45-70 ಅಲ್ಲಿನ ರೈತರ, ಬೇಟೆಗಾರರ ಮನೆಗೆ ಹೋಯಿತು, ಅವರಿಗಾಗಿ ಹೊಸ ಕೋವಿಗಳು ಬಂದವು, ಅವರು ಕೊಳ್ಳುತ್ತಲೇ ಇದ್ದರು. .577/450 ಬಹುತೇಕ ಸಾಮ್ರಾಜ್ಯದ ದಂಡಿನಲ್ಲೇ ಬಾಳಿತು. ಜನರ ಕೈಗೆ ಹೋಗದಂತೆ ಸಾಮ್ರಾಜ್ಯವೇ ತಡೆಯಿತು. ದಂಡು ಮುಂದಕ್ಕೆ ಹೋದ ಮೇಲೆ ಅದನ್ನು ಕೇಳುವವರು ಉಳಿಯಲಿಲ್ಲ.

ಹಾಗಾದರೆ ಇಂದು ಮಾರ್ಟಿನಿ ಹಾರಿಸುವವರು ಏನು ಮಾಡುತ್ತಾರೆ? ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಪರವಾನಗಿಯ ಚೌಕಟ್ಟಿನೊಳಗೆ ಈ ಹವ್ಯಾಸ ನಡೆಯುತ್ತದೆ. ಅವರಿಗೆ ದಾರಿ ತೋರಿಸಿದ್ದು ಬ್ರೆಜಿಲ್‌ನ ಒಂದು ಕಾರ್ಖಾನೆ ಮಾಡುವ 24 ಬೋರಿನ ಹಿತ್ತಾಳೆ ಚರೆ ತೋಟಾ. ಅದರ ಬುಡದ ಅಳತೆ ಹಳೆಯ ಸ್ನೈಡರ್ ಚಿಪ್ಪಿಗೆ ಹೆಚ್ಚುಕಡಿಮೆ ಹೊಂದುತ್ತದೆ. ಖಾಲಿ ಚಿಪ್ಪಿನ ಬಾಯನ್ನು ಬೆಂಕಿಯಲ್ಲಿ ಹದವಾಗಿ ಕಾಯಿಸಿ ಮೆತ್ತಗೆ ಮಾಡುತ್ತಾರೆ. ಉಕ್ಕಿನ ಅಚ್ಚುಗಳಲ್ಲಿ ಒಂದರ ನಂತರ ಒಂದರಂತೆ ಒತ್ತಿ ಕುತ್ತಿಗೆ ಕಿರಿದು ಮಾಡುತ್ತಾರೆ. ಆತುರಪಟ್ಟರೆ ಹಿತ್ತಾಳೆ ಸುಕ್ಕಾಗುತ್ತದೆ, ಬಿರಿಯುತ್ತದೆ. ಹತ್ತು ಚಿಪ್ಪಿನಲ್ಲಿ ಕೆಲವು ಕೆಡುವುದು ಮಾಮೂಲು.

ಆಮೇಲೆ ಗುಂಡು. ಹೆಸರಿಗೆ .450 ಎಂದಿದ್ದರೂ ಅದಕ್ಕಿಂತ ದಪ್ಪದ ಗುಂಡೇ ಬೇಕಾಗುತ್ತದೆ, ಪ್ರತಿ ನಳಿಗೆಯ ಒಳಅಳತೆಯೂ ಕೂದಲೆಳೆಯಷ್ಟು ಬೇರೆ. ಮೆತ್ತನೆಯ ಸೀಸದ ತುಂಡೊಂದನ್ನು ಖಾಲಿ ನಳಿಗೆಯಲ್ಲಿ ಗಜದಿಂದ ತಳ್ಳಿ ಹೊರತೆಗೆದು ಅದರ ಮೇಲಿನ ಗುರುತುಗಳನ್ನು ಅಳೆಯುತ್ತಾರೆ. ಆ ಅಳತೆಗೆ ಅಚ್ಚು ಮಾಡಿಸಿ, ಸೀಸಕ್ಕೆ ತವರ ಬೆರೆಸಿ ಹೊಯ್ದು, ಕಾಗದ ಸುತ್ತುತ್ತಾರೆ. ಜೇನುಮೇಣದ ಬಿಲ್ಲೆಯನ್ನು ಕೈಯಲ್ಲೇ ಕತ್ತರಿಸುತ್ತಾರೆ. ಮದ್ದು ಮಾತ್ರ ಕರಿಮದ್ದೇ ಆಗಬೇಕು. ಆಧುನಿಕ ಹೊಗೆರಹಿತ ಮದ್ದಿನ ಒತ್ತಡಕ್ಕೆ ಆ ಕಾಲದ ಕಬ್ಬಿಣ ಮಾಡಿದ್ದಲ್ಲ, ಅದು ಒಡೆದು ಹಾರಿಸುವವನ ಮುಖಕ್ಕೇ ಬರಬಹುದು. ಆದ್ದರಿಂದಲೇ ನುರಿತ ಕುಶಲಕರ್ಮಿಯೊಬ್ಬ ಪರೀಕ್ಷಿಸದ ಹಳೆಯ ಕೋವಿಯನ್ನು ಬಲ್ಲವರು ಹಾರಿಸುವುದಿಲ್ಲ.

ಇಷ್ಟಾದ ಮೇಲೆ ಒಂದು ಈಡು. ಹೆಗಲಿಗೆ ಬಲವಾದ ಗುದ್ದು, ಎದುರಿಗೆ ಬಿಳಿ ಹೊಗೆಯ ಮೋಡ, ಕೊಳೆತ ಮೊಟ್ಟೆಯನ್ನು ನೆನಪಿಸುವ ಗಂಧಕದ ವಾಸನೆ. ಹೊಗೆ ಚದುರುವವರೆಗೆ ಗುರಿ ಕಾಣುವುದಿಲ್ಲ. ಕೆಲವು ಈಡುಗಳ ನಂತರ ನಳಿಗೆಯಲ್ಲಿ ಕಿಟ್ಟ ಕಟ್ಟುತ್ತದೆ, ಅದನ್ನು ಮೆತ್ತಗೆ ಮಾಡಲು ಹಿಂಭಾಗದಿಂದ ಬಾಯಿಯ ಉಸಿರನ್ನು ಊದುತ್ತಾರೆ. ಸಂಜೆ ನೀರಿನಿಂದ ತೊಳೆಯದಿದ್ದರೆ ಬೆಳಗಾಗುವುದರೊಳಗೆ ತುಕ್ಕು. ಮೈವಾಂದ್‌ನಲ್ಲಿ, ಸಾರಾಗಢಿಯಲ್ಲಿ ನಿಂತವರು ಏನನ್ನು ಕಂಡರು, ಏನನ್ನು ಕಾಣಲಿಲ್ಲ ಎಂಬುದು ಪುಸ್ತಕಕ್ಕಿಂತ ಈ ಹೊಗೆಯಲ್ಲಿ ಚೆನ್ನಾಗಿ ಅರ್ಥವಾಗುತ್ತದೆ. ಕಾರ್ಖಾನೆ ಒಮ್ಮೆ ಕಿತ್ತುಕೊಂಡಿದ್ದ ಕೆಲಸವನ್ನು ಈ ಹವ್ಯಾಸಿಗಳು ಮತ್ತೆ ಕೈಗೆ ತೆಗೆದುಕೊಂಡಿದ್ದಾರೆ. ಹಲಗಲಿಯವನ ಹಾಗೆ ಸೀಸ ಕರಗಿಸುತ್ತಾರೆ, ಮದ್ದು ಅಳೆಯುತ್ತಾರೆ. ವ್ಯತ್ಯಾಸವೆಂದರೆ ಇವರದ್ದು ಬಿಡುವಿನ ಹೊತ್ತಿನ ಆಟ, ಅವನದ್ದು ಬದುಕು.

*

ಕಾನೂನುಗಳೂ ಈಗ ತೋಟಾವನ್ನೇ ನೋಡಿ ಕೋವಿಯ ಹಣೆಬರಹ ಬರೆಯುತ್ತವೆ. ಬ್ರಿಟನ್ನಿನಲ್ಲಿ ಬಳಕೆ ತಪ್ಪಿದ ಅಳತೆಗಳ ಸರ್ಕಾರಿ ಪಟ್ಟಿಯೊಂದಿದೆ, 2021ರಲ್ಲಿ ಅದು ನಿಯಮದ ರೂಪ ಪಡೆಯಿತು. ಆ ಪಟ್ಟಿಯಲ್ಲಿರುವ ತೋಟಾದ ಹಳೆಯ ಕೋವಿಯನ್ನು ಅಲಂಕಾರದ ವಸ್ತುವಾಗಿ ಪರವಾನಗಿ ಇಲ್ಲದೆ ಇಟ್ಟುಕೊಳ್ಳಬಹುದು. ಅದಕ್ಕೆ ತೋಟಾ ಮಾಡಿ ಹಾರಿಸುತ್ತೇನೆ ಎಂದರೆ ಪರವಾನಗಿ ಬೇಕು. ಅಂದರೆ ಕಬ್ಬಿಣ ಅದೇ, ಯಂತ್ರ ಅದೇ. ತೋಟಾ ಇಲ್ಲದಿದ್ದರೆ ಪುರಾತನ ವಸ್ತು, ಇದ್ದರೆ ಆಯುಧ. ಅಮೆರಿಕದ 1968ರ ಕಾನೂನು 1898ರವರೆಗೆ ತಯಾರಾದ ಕೋವಿಗಳನ್ನು ಪುರಾತನ ಎನ್ನುತ್ತದೆ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆ ಇನ್ನೂ ಬಿಗಿ. ಕೋವಿ ಹಳೆಯದಾದರೆ ಸಾಲದು, ದುರಸ್ತಿ ಮಾಡಿದರೂ ಹಾರಿಸಲಾಗದಂತಿರಬೇಕು, ಆಗ ಮಾತ್ರ ವಿನಾಯಿತಿ.

ಈ ನಿಯಮಗಳ ನಡುವೆ ಕೊಡಗು ಒಂದು ಅಪವಾದ. ಹಲಗಲಿ ಸುಟ್ಟು ನಾಲ್ಕು ವರ್ಷವೂ ಆಗಿರಲಿಲ್ಲ. 1861ರಲ್ಲಿ ಮಾರ್ಕ್ ಕಬ್ಬನ್ ಕೊಡಗಿನವರ ನಿಷ್ಠೆಯನ್ನು ಹೊಗಳಿ ನಿಶ್ಶಸ್ತ್ರೀಕರಣದ ಕಾನೂನಿನಿಂದ ಅವರನ್ನು ಹೊರಗಿಟ್ಟ. ಇಂದಿನ ಒಂದೇ ರಾಜ್ಯದ ಎರಡು ನೆಲಗಳು, ಒಂದೇ ಕಾನೂನು. ಒಂದು ಕಡೆ ಗಲ್ಲು, ಇನ್ನೊಂದು ಕಡೆ ಗೌರವ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ, ಕರ್ನಾಟಕ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿದಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಮನೆಯ ತೋಕುಗಳನ್ನು ಒರೆಸಿ ಪೂಜೆಗಿಟ್ಟು ತೋಕ್ ಪೂ ಎಂಬ ಕೆಂಪು ಹಳದಿ ಹೂವಿನಿಂದ ಸಿಂಗರಿಸುತ್ತಾರೆ. ಆಮೇಲೆ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯ ನಡೆಯುತ್ತದೆ.

ಯಾವುದಾದರೂ ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ಹಳೆಯ ಒಂಟಿ ಈಡಿನ ಕೋವಿ ಕಂಡರೆ ಅದರ ಪಕ್ಕದ ಚೀಟಿಯನ್ನು ಓದಿ ನೋಡಿ. ಮಾದರಿಯ ಹೆಸರು ಇರುತ್ತದೆ, ಇಸವಿ ಇರುತ್ತದೆ, ಉದ್ದ, ತೂಕವೂ ಇರಬಹುದು. ಅದರ ತೋಟಾವನ್ನು ಎಲ್ಲಿ ಮಾಡಿದರು, ಅದನ್ನು ಯಾರಿಗೆ ಕೊಟ್ಟರು, ಯಾರಿಗೆ ಕೊಡಲಿಲ್ಲ ಎಂಬುದು ಆ ಚೀಟಿಯಲ್ಲಿ ಇರುವುದು ಅಪರೂಪ. ಆ ಕೋವಿಯನ್ನು ಹಿಡಿದವರ ಚರಿತ್ರೆ ತಿಳಿಯಬೇಕಾದರೆ ಮೊದಲು ಕೇಳಬೇಕಾದ ಪ್ರಶ್ನೆ ಅದೇ.